ಬೆರ್ಟಾ ಕಾಸೆರೆಸ್ ಪ್ರಕರಣ: ಬೆದರಿಕೆಗಳೆಲ್ಲ ದಾಖಲಾಗಿದ್ದರೂ ಕೊಲೆ ಏಕೆ ತಪ್ಪಲಿಲ್ಲ?

ಹೊಳೆಸಾಲು (ಪ್ರಶ್ನೆ):

ಹೊಂಡುರಾಸ್ ದೇಶದ ಲೆಂಕಾ ಮೂಲನಿವಾಸಿಗಳ ನಾಯಕಿ ಬೆರ್ಟಾ ಕಾಸೆರೆಸ್ ಅವರ ಹತ್ಯೆಯ ಬಗ್ಗೆ ಕೆಲವು ಕಾಲದಿಂದ ಓದುತ್ತಿದ್ದೇನೆ. ನಮ್ಮ ಭಾಗದಲ್ಲಿ ಯೋಜನೆಯೊಂದರ ಅಹವಾಲು ಸಭೆ ನಡೆದ ಮೇಲೆ, ಅಲ್ಲಿ ವಿರೋಧವಾಗಿ ಮಾತನಾಡಿದ ಒಂದಿಬ್ಬರಿಗೆ ಹೆಸರು ಹೇಳದ ಕರೆಗಳು ಬರತೊಡಗಿದ್ದರಿಂದ ಈ ಓದು ಆರಂಭವಾಯಿತು. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನನಗಿಲ್ಲ.

ನನ್ನನ್ನು ಕಾಡುತ್ತಿರುವ ಸಂಗತಿ ಇದು. ಬೆರ್ಟಾ ಅಜ್ಞಾತ ಹೋರಾಟಗಾರ್ತಿಯಾಗಿರಲಿಲ್ಲ. 1993ರಲ್ಲಿ ಮೂಲನಿವಾಸಿಗಳ ಹಕ್ಕುಗಳಿಗಾಗಿ ಕೊಪಿನ್ ಸಂಘಟನೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅವರಿಗೆ ರಕ್ಷಣೆ ನೀಡಬೇಕೆಂದು ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗವು 2009ರಲ್ಲಿಯೇ ಹೊಂಡುರಾಸ್ ಸರ್ಕಾರಕ್ಕೆ ಸೂಚಿಸಿತ್ತು. ಸೇನೆಯ ಬಳಿಯಿರುವ ಕೊಲೆಪಟ್ಟಿಯೊಂದರಲ್ಲಿ ತಮ್ಮ ಹೆಸರೇ ಮೊದಲಿದೆಯೆಂದು 2013ರಲ್ಲಿ ಅವರು ಪತ್ರಕರ್ತರ ಮುಂದೆ ಬಹಿರಂಗವಾಗಿ ಹೇಳಿದ್ದರು. 2015ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದಿತು, ಅದೇ ವರ್ಷ ಆ ದೇಶವು ಮಾನವ ಹಕ್ಕು ಹೋರಾಟಗಾರರು ಮತ್ತು ಪತ್ರಕರ್ತರ ರಕ್ಷಣೆಗೆಂದೇ ಕಾನೂನೊಂದನ್ನು ಮಾಡಿತು. ಇಷ್ಟೆಲ್ಲ ಆದ ಮೇಲೆ, 2016ರ ಮಾರ್ಚ್ 2ರ ರಾತ್ರಿ ಲಾ ಎಸ್ಪೆರಾನ್ಸಾ ಪಟ್ಟಣದ ಅಂಚಿನಲ್ಲಿದ್ದ ಅವರ ಮನೆಯ ಬಾಗಿಲು ಒಡೆದು ಒಳನುಗ್ಗಿದವರು ಅವರನ್ನು ಗುಂಡಿಕ್ಕಿ ಕೊಂದರು. ಆ ಹೊತ್ತಿಗೆ ಮನೆಯ ಬಳಿ ಒಬ್ಬ ಪೊಲೀಸನೂ ಇರಲಿಲ್ಲ.

ಹೀಗಿರುವಾಗ ಬೆದರಿಕೆಯನ್ನು ದಾಖಲಿಸುವುದರಿಂದ ಆಗುವ ಪ್ರಯೋಜನವಾದರೂ ಏನು? ಯೋಜನೆಗೆ ಪರವಾನಗಿ ಕೊಡುವ ಸರ್ಕಾರವೇ ಅದನ್ನು ವಿರೋಧಿಸುವವರಿಗೆ ಕಾವಲು ಕೊಡಬೇಕಾದಲ್ಲಿ ಆ ಕಾವಲು ಎಂದಾದರೂ ನಿಜವಾದೀತೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಕಡತಪ್ರಿಯ:

ಈ ಪ್ರಕರಣವನ್ನು ಮಾರ್ಚ್ 2ರ ರಾತ್ರಿಯಿಂದ ಓದಲು ಶುರುಮಾಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಳು ವರ್ಷ ಹಿಂದಕ್ಕೆ ಹೋಗಬೇಕು.

2009ರ ಜೂನ್ 28ರಂದು ಹೊಂಡುರಾಸ್‌ನಲ್ಲಿ ಸೇನೆಯು ಅಧ್ಯಕ್ಷ ಮಾನ್ವೆಲ್ ಸೆಲಾಯಾ ಅವರನ್ನು ಮಲಗಿದ್ದ ಉಡುಪಿನಲ್ಲಿಯೇ ವಿಮಾನ ಹತ್ತಿಸಿ ಕೋಸ್ಟರಿಕಾಕ್ಕೆ ಸಾಗಹಾಕಿತು. ಆ ಬಳಿಕ ಬಂದ ಆಡಳಿತವು ನದಿಗಳನ್ನೂ ಗಣಿಗಳನ್ನೂ ಖಾಸಗಿಯವರಿಗೆ ಧಾರಾಳವಾಗಿ ಹಂಚಿತು. ಲೆಂಕಾ ಜನರು ಪವಿತ್ರವೆಂದು ನಂಬಿರುವ ಗ್ವಾಲ್ಕಾರ್ಕೆ ನದಿಯಲ್ಲಿ ಅಗ್ವಾ ಸಾರ್ಕಾ ಎಂಬ ಸುಮಾರು 22 ಮೆಗಾವಾಟ್‌ನ ಜಲವಿದ್ಯುತ್ ಯೋಜನೆಯ ಹಕ್ಕು ಡೆಸಾ ಎಂಬ ಕಂಪನಿಯ ಪಾಲಾದದ್ದು ಆ ಕಾಲದಲ್ಲಿ. ಮೂಲನಿವಾಸಿಗಳ ನೆಲದಲ್ಲಿ ಇಂಥದ್ದನ್ನು ಕೈಗೊಳ್ಳುವ ಮುನ್ನ ಅವರೊಡನೆ ಸಮಾಲೋಚಿಸಬೇಕೆಂದು ಹೇಳುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೇ ಒಡಂಬಡಿಕೆಯನ್ನು ಹೊಂಡುರಾಸ್ 1995ರಲ್ಲಿಯೇ ಒಪ್ಪಿಕೊಂಡಿತ್ತು. ಯೋಜನೆಯ ಜಾಗವಾದ ರಿಯೊ ಬ್ಲಾಂಕೊದ ಜನರ ವಾದ ಸರಳವಾಗಿತ್ತು: ಮೊದಲು ನಮ್ಮನ್ನು ಯಾರೂ ಕೇಳಲಿಲ್ಲ, ಆಮೇಲೆ ಕೇಳಿದಾಗ ನಾವು ಒಪ್ಪಲಿಲ್ಲ.

2013ರ ಏಪ್ರಿಲ್ 1ರಂದು ಅವರು ಕಾಮಗಾರಿಯ ದಾರಿಗೆ ಅಡ್ಡ ಕುಳಿತರು. ಹೆಂಗಸರು, ಮಕ್ಕಳು, ಮುದುಕರು ಪಾಳಿಯ ಮೇಲೆ ಕಾಯುತ್ತಿದ್ದ ಆ ತಡೆ ತಿಂಗಳುಗಟ್ಟಲೆ ಮುಂದುವರಿಯಿತು. ಜುಲೈ 15ರಂದು ಕಂಪನಿಯ ಆವರಣದ ಮುಂದೆ ನಡೆದ ಪ್ರತಿಭಟನೆಯಲ್ಲಿ ತೊಮಾಸ್ ಗಾರ್ಸಿಯಾ ಎಂಬ ಸಮುದಾಯದ ಮುಖಂಡರನ್ನು ಸೈನಿಕನೊಬ್ಬ ಹಾಡಹಗಲೇ ಗುಂಡಿಕ್ಕಿ ಕೊಂದ. ಇಲ್ಲಿ ಸ್ವಲ್ಪ ನಿಂತು ಗಮನಿಸಬೇಕು. ಸತ್ತದ್ದು ಹಳ್ಳಿಯವರು, ಕೊಂದದ್ದು ಕಂಪನಿಯ ಕಾವಲಿಗಿದ್ದ ಸೈನಿಕ. ಆದರೆ ಅದೇ ವರ್ಷ ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾಗಿ ಬಂದವರು ಬೆರ್ಟಾ. ಮೊದಲು ಅಕ್ರಮ ಶಸ್ತ್ರಾಸ್ತ್ರದ ಆರೋಪ ಬಂದಿತು. ಬಳಿಕ ಕಂಪನಿಯ ಜಾಗವನ್ನು ಅತಿಕ್ರಮಿಸಿದರು, ನಷ್ಟ ಉಂಟುಮಾಡಿದರು ಎಂಬ ಆರೋಪದಲ್ಲಿ ಅವರನ್ನೂ ಇಬ್ಬರು ಸಂಗಾತಿಗಳನ್ನೂ ಸಿಲುಕಿಸಲಾಯಿತು, ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಬೆರ್ಟಾ ಅವರನ್ನು ಜೈಲಿಗೆ ಕಳುಹಿಸಲು ಆದೇಶಿಸಿದರು. ಪ್ರಕರಣಗಳು ಮುಂದೆ ನಿಲ್ಲಲಿಲ್ಲ, ನಿಜ. ಆದರೆ ಅವುಗಳ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಒಬ್ಬ ವ್ಯಕ್ತಿಯನ್ನು ಅಪರಾಧಿಯೆಂದು ಊರ ತುಂಬ ಸಾರಿದ ಮೇಲೆ, ಆಕೆಗೆ ಬರುವ ಬೆದರಿಕೆ ಕರೆಯನ್ನು ಠಾಣೆಯಲ್ಲಿ ಯಾರು ತಲೆಗೆ ಹಾಕಿಕೊಳ್ಳುತ್ತಾರೆ?

ಕೊಲೆಯ ಸಿದ್ಧತೆ ಹೇಗಿತ್ತೆಂಬುದು ಫೋನ್ ದಾಖಲೆಗಳಿಂದ ಹೊರಬಿದ್ದಿತು. ಕುಟುಂಬದ ಕೋರಿಕೆಯ ಮೇರೆಗೆ ಸ್ವತಂತ್ರ ವಕೀಲರ ತಂಡವೊಂದು ಪರಿಶೀಲಿಸಿ 2017ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಯೋಜನೆಯ ಭದ್ರತೆಯ ಹೆಸರಿನಲ್ಲಿದ್ದ ವಾಟ್ಸ್ಆಪ್ ಗುಂಪುಗಳಲ್ಲಿ ಕೊಪಿನ್ ಕಾರ್ಯಕರ್ತರ ಚಲನವಲನಗಳ ಮಾಹಿತಿ ಹರಿದಾಡುತ್ತಿತ್ತು. ಹಳ್ಳಿಗಳೊಳಗೇ ಮಾಹಿತಿದಾರರಿದ್ದರು. 2016ರ ಫೆಬ್ರವರಿಯ ಮೊದಲ ವಾರದಲ್ಲಿಯೇ ಒಂದು ಪ್ರಯತ್ನಕ್ಕೆ ಸಿದ್ಧರಾಗಿ ಅದನ್ನು ಕೈಬಿಟ್ಟಿದ್ದರು. ತಿಂಗಳೊಳಗೆ ಮತ್ತೆ ಬಂದರು. ಮನೆಯಲ್ಲಿ ಅತಿಥಿಯಾಗಿದ್ದ ಮೆಕ್ಸಿಕೊದ ಪರಿಸರ ಕಾರ್ಯಕರ್ತ ಗುಸ್ತಾವೊ ಕಾಸ್ಟ್ರೊ ಗುಂಡೇಟು ತಿಂದು, ಸತ್ತವರಂತೆ ಬಿದ್ದುಕೊಂಡು ಉಳಿದರು. ಏಕೈಕ ಪ್ರತ್ಯಕ್ಷ ಸಾಕ್ಷಿಯಾದ ಅವರು ದೇಶ ಬಿಟ್ಟು ಹೋಗದಂತೆ ಅಧಿಕಾರಿಗಳು ವಾರಗಟ್ಟಲೆ ತಡೆಹಿಡಿದರು. ಆರಂಭದಲ್ಲಿ ತನಿಖೆ ಕೊಪಿನ್‌ನೊಳಗಿನವರತ್ತಲೇ ಬೆರಳು ತೋರಿಸಿ ಒಬ್ಬರನ್ನು ವಶಕ್ಕೂ ತೆಗೆದುಕೊಂಡಿತ್ತು. ಮಾರ್ಚ್ 15ರಂದು ಅದೇ ಸಂಘಟನೆಯ ನೆಲ್ಸನ್ ಗಾರ್ಸಿಯಾ ಅವರ ಕೊಲೆಯಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರೊಬ್ಬರ ವಾಹನವನ್ನು ಅಡ್ಡಗಟ್ಟಿದವರು ಬೆರ್ಟಾ ಪ್ರಕರಣದ ಕಡತವನ್ನೇ ಕದ್ದೊಯ್ದರು.

ಇಷ್ಟಾಗಿಯೂ ವಿಚಾರಣೆ ನಡೆಯಿತು. 2018ರ ನವೆಂಬರ್ 29ರಂದು ಏಳು ಜನ ತಪ್ಪಿತಸ್ಥರೆಂದು ತೀರ್ಪಾಯಿತು. ಅವರಲ್ಲಿ ಕಂಪನಿಯ ಸಮುದಾಯ ಮತ್ತು ಪರಿಸರ ವಿಭಾಗದ ವ್ಯವಸ್ಥಾಪಕ, ಅದರ ಮಾಜಿ ಭದ್ರತಾ ಮುಖ್ಯಸ್ಥ ಮತ್ತು ಒಬ್ಬ ಸೇನಾ ಮೇಜರ್ ಇದ್ದರು. ಕಂಪನಿಯ ಅಧ್ಯಕ್ಷನಾಗಿದ್ದ, ಹಿಂದೆ ಸೇನಾ ಗುಪ್ತಚರ ವಿಭಾಗದಲ್ಲಿದ್ದ ಡೇವಿಡ್ ಕಾಸ್ಟಿಯೊ 2021ರ ಜುಲೈ 5ರಂದು ತಪ್ಪಿತಸ್ಥನೆನಿಸಿದ, ಮರುವರ್ಷ ಜೂನ್‌ನಲ್ಲಿ 22 ವರ್ಷ 6 ತಿಂಗಳ ಶಿಕ್ಷೆ ಘೋಷಣೆಯಾಯಿತು.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಬೆದರಿಕೆಗಳು ದಾಖಲಾಗಿದ್ದರೂ ಆ ದಾಖಲೆಯಿಂದ ಯೋಜನೆಗೆ ಯಾವ ಅಡಚಣೆಯೂ ಆಗುತ್ತಿರಲಿಲ್ಲ. ಆಯೋಗದ ಸೂಚನೆ ಬಂದರೆ ಬೆರ್ಟಾ ಅವರ ಮನೆಯ ಕಡೆ ಆಗೊಮ್ಮೆ ಈಗೊಮ್ಮೆ ಗಸ್ತು ಹಾಕಿಸುವುದು, ಅದು ಸಾಕೋ ಸಾಲದೋ ಎಂದು ಪತ್ರ ಬರೆಯುವುದು, ಇಷ್ಟರಲ್ಲೇ ಎಲ್ಲ ಮುಗಿಯುತ್ತಿತ್ತು. ನಿತ್ಯದ ಕಾವಲು ಇದ್ದದ್ದು ಕಂಪನಿಯ ಯಂತ್ರಗಳಿಗೆ. ಅದೇ ಪೊಲೀಸರನ್ನು ತಮ್ಮ ಮನೆಯೊಳಗೆ ಬಿಟ್ಟುಕೊಳ್ಳಲು ಬೆರ್ಟಾ ಹಿಂಜರಿದದ್ದನ್ನು ಕೆಲವರು ಅವರದೇ ಅಜಾಗರೂಕತೆಯೆಂಬಂತೆ ಬರೆಯುತ್ತಾರೆ, ಅಂಥ ಬರಹ ಓದಿದಾಗ ನನಗೆ ಸಿಟ್ಟು ಬರುತ್ತದೆ.

ಜಲಾಶಯದ ಇಂಜಿನಿಯರ್ (ನಿವೃತ್ತ):

ಕಡತಪ್ರಿಯ ಅವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆಯ ಮಾತು ಸೇರಿಸಬೇಕೆನಿಸುತ್ತದೆ. ವೃತ್ತಿಜೀವನದ ಬಹುಭಾಗವನ್ನು ಜಲವಿದ್ಯುತ್ ಕಾಮಗಾರಿಗಳಲ್ಲಿ ಕಳೆದವನು ನಾನು. ಯೋಜನೆಯನ್ನು ವಿರೋಧಿಸಿದವರ ಮೇಲೆ ಮೊಕದ್ದಮೆ ಬಿದ್ದಾಗಲೆಲ್ಲ ಅದನ್ನು ಕೊಲೆಯ ಮುನ್ಸೂಚನೆಯೆಂದು ಓದುವುದು ಅತಿರೇಕವಾದೀತು. ಯಂತ್ರಕ್ಕೆ ಬೆಂಕಿ ಹಚ್ಚಿದವರ ಮೇಲೆ, ಕೆಲಸಗಾರರಿಗೆ ಹೊಡೆದವರ ಮೇಲೆ ದೂರು ಕೊಡಬಾರದೆಂದರೆ ಹೇಗೆ? ಬೆಟ್ಟದ ಮೇಲಿನ ಶಿಬಿರದಲ್ಲಿ ಹೆದರಿಕೊಂಡು ರಾತ್ರಿ ಕಳೆದ ಕೂಲಿಯವರನ್ನೂ ನಾನು ಕಂಡಿದ್ದೇನೆ. ಇನ್ನೊಂದು ವಿಷಯವೆಂದರೆ, ಅಗ್ವಾ ಸಾರ್ಕಾ ದೊಡ್ಡ ಅಣೆಕಟ್ಟಲ್ಲ. ಇಷ್ಟು ಸಣ್ಣ ಯೋಜನೆಯನ್ನು ಜಾಗ ಬದಲಿಸಿ ಅಥವಾ ಕೈಬಿಟ್ಟು ಮುಂದೆ ಸಾಗುವುದು ತಾಂತ್ರಿಕವಾಗಿ ಕಷ್ಟವಿರಲಿಲ್ಲ. ಹಾಗಿದ್ದೂ ಕೊಲೆಯವರೆಗೆ ಏಕೆ ಹೋದರು ಎಂಬುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಅದಕ್ಕೆ ಉತ್ತರ ಹಣದ ಲೆಕ್ಕದಲ್ಲಿ ಇರಬಹುದೇ?

ಲೆಕ್ಕಪತ್ರ:

ಇರಬಹುದು ಎನ್ನುವುದಕ್ಕಿಂತ, ಅಲ್ಲಿಯೇ ಹುಡುಕಬೇಕು ಎನ್ನುತ್ತೇನೆ. ನಾನು ಯೋಜನಾ ಸಾಲಗಳ ಪರಿಶೀಲನೆಯ ಕೆಲಸ ಮಾಡಿದವನು, ಆದ್ದರಿಂದ ಈ ಪ್ರಕರಣದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಸಾಲದ ದಿನಾಂಕಗಳ ಮೇಲೆ.

ತೊಮಾಸ್ ಗಾರ್ಸಿಯಾ ಹತರಾದದ್ದು 2013ರ ಜುಲೈನಲ್ಲಿ. ಕಾಮಗಾರಿಯ ಗುತ್ತಿಗೆ ಪಡೆದಿದ್ದ ಚೀನಾದ ಸಿನೊಹೈಡ್ರೊ, ಜನರ ವಿರೋಧ ತೀವ್ರವಾದ ಮೇಲೆ ಅದೇ ವರ್ಷ ಹೊರನಡೆಯಿತು. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮದ ಹಣ ತೊಡಗಿದ್ದ ನಿಧಿಯೂ ಹಿಂದೆ ಸರಿಯಿತು. ನೆದರ್ಲ್ಯಾಂಡ್ಸ್‌ನ ಅಭಿವೃದ್ಧಿ ಬ್ಯಾಂಕ್ ಎಫ್‌ಎಂಒ ಸಾಲ ಕೊಡಲು ಮುಂದಾದದ್ದು ಇದಾದ ಮೇಲೆ, 2014ರಲ್ಲಿ. ಎಫ್‌ಎಂಒದಿಂದ 150 ಲಕ್ಷ ಡಾಲರ್, ಫಿನ್ಲೆಂಡಿನ ಫಿನ್‌ಫಂಡ್‌ನಿಂದ 50 ಲಕ್ಷ ಡಾಲರ್, ಇವಕ್ಕಿಂತ ದೊಡ್ಡ ಪಾಲು ಮಧ್ಯ ಅಮೆರಿಕದ ಆರ್ಥಿಕ ಏಕೀಕರಣ ಬ್ಯಾಂಕಿನದು. ಅಂದರೆ ಒಬ್ಬರ ಹೆಣ ಬಿದ್ದ, ಒಬ್ಬ ಗುತ್ತಿಗೆದಾರ ಕೈತೊಳೆದುಕೊಂಡ, ಒಬ್ಬ ನಾಯಕಿಯ ಮೇಲೆ ಜೈಲಿನ ಆದೇಶವಾದ ಸ್ಥಳಕ್ಕೆ, ಅದೆಲ್ಲ ಪತ್ರಿಕೆಗಳಲ್ಲಿ ಬಂದ ಮೇಲೆ, ಸಾಲ ಕೊಡುವ ಹೊಸಬರು ಕಾಲಿಟ್ಟರು. ಕೊಪಿನ್ ಅವರಿಗೆ ಮುಂಚಿತವಾಗಿಯೇ ಪತ್ರ ಬರೆದು ಎಚ್ಚರಿಸಿತ್ತು.

ಅವರು ಕಾಗದದ ಮೇಲೆ ಕಂಡುಕೊಂಡ ಪರಿಹಾರವೂ ಕುತೂಹಲಕರವಾಗಿದೆ. ಕಾಮಗಾರಿಯ ಜಾಗವನ್ನು ನದಿಯ ಒಂದು ದಡದಿಂದ ಇನ್ನೊಂದು ದಡಕ್ಕೆ ಬದಲಿಸಲಾಯಿತು. ವಿರೋಧಿಸುವ ಹಳ್ಳಿ ಇರುವ ದಡವನ್ನು ಬಿಟ್ಟೆವು, ಇನ್ನು ವಿರೋಧವಿಲ್ಲ ಎಂಬುದು ಆ ತರ್ಕ. ಆದರೆ ಹರಿಯುವ ನೀರು ಎರಡೂ ದಡಗಳದ್ದು ಎಂಬುದು ಅಪಾಯ ವಿಶ್ಲೇಷಣೆಯ ಕೋಷ್ಟಕದಲ್ಲಿ ಹಿಡಿಸಲಿಲ್ಲವೆಂದು ಕಾಣುತ್ತದೆ.

ಇಂಜಿನಿಯರ್ ಅವರ ಪ್ರಶ್ನೆಗೆ ಬರುತ್ತೇನೆ. ಸಣ್ಣ ಯೋಜನೆಯಾದ್ದರಿಂದಲೇ ತಡೆಯ ಪ್ರತಿ ತಿಂಗಳೂ ದುಬಾರಿಯಾಗುತ್ತದೆ. ಬಡ್ಡಿ ಓಡುತ್ತಿರುತ್ತದೆ, ಉತ್ಪಾದನೆ ಆರಂಭಿಸಬೇಕಾದ ಗಡುವು ಹತ್ತಿರವಾಗುತ್ತಿರುತ್ತದೆ, ಈ ಒಂದು ಯೋಜನೆಯ ಹೊರತು ನೆಚ್ಚಿಕೊಳ್ಳಲು ಬೇರೆ ಆಸ್ತಿಯಿಲ್ಲದ ಕಂಪನಿಗೆ ವಿರೋಧದ ಮುಂದಾಳು ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚಿನಂತೆ ಕಾಣತೊಡಗುತ್ತಾಳೆ. ಇದು ನನ್ನ ಊಹೆ ಮಾತ್ರವಲ್ಲ. ಕೊಪಿನ್‌ನ ಪ್ರತಿಭಟನೆಗಳಿಂದ ಕಂಪನಿಗೆ ವಿಳಂಬವೂ ನಷ್ಟವೂ ಆದವೆಂಬುದು ಕೊಲೆಯ ಹಿಂದಿನ ಕಾರಣವೆಂದು ನ್ಯಾಯಾಲಯವೇ ಪರಿಗಣಿಸಿತು, ಕಂಪನಿಯ ಮೇಲಿನವರಿಗೆ ವಿಷಯ ತಿಳಿದಿತ್ತು, ಒಪ್ಪಿಗೆಯೂ ಇತ್ತು ಎಂದು 2018ರ ತೀರ್ಪು ಹೇಳಿತು. ಕಂಪನಿಯ ಹಣಕಾಸು ವ್ಯವಸ್ಥಾಪಕನ ಬಂಧನಕ್ಕೆ ವಾರಂಟ್ ಹೊರಟದ್ದು ಮಾತ್ರ 2023ರ ಡಿಸೆಂಬರಿನಲ್ಲಿ.

ಎಫ್‌ಎಂಒ ಮತ್ತು ಫಿನ್‌ಫಂಡ್ ಕೊಲೆಯಾದ ಮೇಲೆ ಹಣ ತಡೆಹಿಡಿದು, 2017ರ ಜುಲೈನಲ್ಲಿ ಅಧಿಕೃತವಾಗಿ ಹೊರಬಂದವು. ಯೋಜನೆ ನಿಂತಿತು. ಮರುವರ್ಷ ಬೆರ್ಟಾ ಅವರ ಕುಟುಂಬ ಮತ್ತು ಕೊಪಿನ್ ನೆದರ್ಲ್ಯಾಂಡ್ಸ್‌ನಲ್ಲಿ ಎಫ್‌ಎಂಒ ವಿರುದ್ಧ ಮೊಕದ್ದಮೆ ಹೂಡಿದರು. ಹೊಳೆಸಾಲು ಅವರ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದರಲ್ಲಿಯೇ ಇದೆ. ಪರವಾನಗಿ ಕೊಟ್ಟ ಸರ್ಕಾರದ ಕಾವಲನ್ನು ನಂಬುವುದು ಕಷ್ಟ, ಆದರೆ ಬೆದರಿಕೆಯ ದೂರು ಬಂದೊಡನೆ ಮುಂದಿನ ಕಂತು ನಿಲ್ಲುವಂತೆ ಸಾಲದ ಒಪ್ಪಂದದಲ್ಲಿಯೇ ಬರೆದಿದ್ದರೆ, ಬೆದರಿಸುವವನ ಲಾಭನಷ್ಟದ ಲೆಕ್ಕ ತಲೆಕೆಳಗಾಗುತ್ತದೆ. 2016ರಲ್ಲಿ ತಡವಾಗಿ ಮಾಡಿದ್ದನ್ನು 2014ರಲ್ಲಿ ಮಾಡಬಹುದಿತ್ತು. ಯಂತ್ರಕ್ಕೆ ಬೆಂಕಿ ಹಚ್ಚಿದವರ ಮೇಲೆ ದೂರು ಕೊಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ದೂರು ಯಾರ ಮೇಲೆ, ಯಾವ ಹೊತ್ತಿನಲ್ಲಿ ಬೀಳುತ್ತಿದೆ ಎಂಬುದನ್ನು ಸಾಲಕೊಟ್ಟವನು ನೋಡಬೇಕು, ಅಷ್ಟೆ.

ಹೊಳೆಸಾಲು:

ಇಬ್ಬರಿಗೂ ಕೃತಜ್ಞತೆಗಳು. ಸಾಲದ ದಿನಾಂಕಗಳನ್ನು ನಾನು ಈ ದೃಷ್ಟಿಯಿಂದ ಜೋಡಿಸಿ ನೋಡಿರಲಿಲ್ಲ. ನಮ್ಮ ಭಾಗದ ವಿಷಯಕ್ಕೆ ಬಂದರೆ, ಕರೆ ಬಂದವರು ಠಾಣೆಗೆ ಹೋಗಿ ದೂರು ಕೊಟ್ಟಾಗ ಎಫ್‌ಐಆರ್ ಮಾಡದೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ಬರೆದು ಒಂದು ಹಿಂಬರಹ ಕೊಟ್ಟು ಕಳಿಸಿದ್ದಾರೆ. ಭಾರತದಲ್ಲಿ ಇಂಥವರ ರಕ್ಷಣೆಗೆ ಯಾವುದಾದರೂ ಕಾನೂನು ಇದೆಯೇ? ಸಾಕ್ಷಿ ಸಂರಕ್ಷಣಾ ಯೋಜನೆಯ ಹೆಸರನ್ನು ಒಬ್ಬರು ಹೇಳಿದರು.

ನ್ಯಾಯವಾದಿ, ಧಾರವಾಡ:

ಯೋಜನೆಗಳನ್ನು ಪ್ರಶ್ನಿಸುವವರ ರಕ್ಷಣೆಗೆಂದೇ ಮಾಡಿದ ಕಾನೂನು ನಮ್ಮಲ್ಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದಲ್ಲಿ ಹೋರಾಟಗಾರರ ದೂರುಗಳನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರುತ್ತಾರೆ, ಅಲ್ಲಿಗೆ ಬರೆಯಬಹುದು. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡಲಾಗದು ಎಂಬುದನ್ನು ನೆನಪಿಡಿ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣಾ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಬಿದ್ದಿಲ್ಲ.

ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಒಪ್ಪಿ, ಕಾನೂನು ಬರುವವರೆಗೆ ಇದೇ ಕಾನೂನೆಂದು ಹೇಳಿತು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು, ಆ ಉಪವಿಭಾಗದ ಡಿವೈಎಸ್‌ಪಿ ಅಪಾಯದ ವರದಿ ಕೊಡುತ್ತಾರೆ. ತೊಡಕು ಇರುವುದು ಬೇರೆಡೆ. ಯೋಜನೆಯ ಪ್ರಕಾರ ಸಾಕ್ಷಿ ಎಂದರೆ ಗಂಭೀರ ಅಪರಾಧವೊಂದರ ಬಗ್ಗೆ ಮಾಹಿತಿ ಉಳ್ಳವರು. ಅಹವಾಲು ಸಭೆಯಲ್ಲಿ ಎದ್ದು ಮಾತನಾಡಿದವರು ಅಷ್ಟರಿಂದಲೇ ಸಾಕ್ಷಿಯಾಗುವುದಿಲ್ಲ.

ಆದ್ದರಿಂದ ಆ ಎನ್‌ಸಿಆರ್ ಅನ್ನು ಹಗುರವಾಗಿ ಬಿಡಬೇಡಿ. ಕೊಲ್ಲುವ ಬೆದರಿಕೆ ಭಾರತೀಯ ನ್ಯಾಯ ಸಂಹಿತೆಯ 351(3)ರ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ, ಹೆಸರು ಮರೆಸಿ ಬೆದರಿಸಿದ್ದರೆ 351(4)ರಲ್ಲಿ ಹೆಚ್ಚುವರಿ ಶಿಕ್ಷೆಯುಂಟು. ಅಸಂಜ್ಞೇಯ ಎಂದು ಬರೆದುಕೊಂಡಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ, ಆ ಆದೇಶವನ್ನು ದೂರುದಾರರೇ ಹೋಗಿ ಕೇಳಬೇಕು. ಹಿಂಬರಹ ಹಿಡಿದು ಮನೆಗೆ ಬರುವವರೇ ಹೆಚ್ಚು, ಮ್ಯಾಜಿಸ್ಟ್ರೇಟರ ಮುಂದೆ ಹೋಗುವವರು ಬಹಳ ಕಡಿಮೆ. ತನಿಖೆಗೆ ಆದೇಶವಾದರೆ ನೀವು ಏಳು ವರ್ಷ ಶಿಕ್ಷೆಯ ಪ್ರಕರಣದ ಸಾಕ್ಷಿಯಾಗುತ್ತೀರಿ, ಆಗ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಲು ಗಟ್ಟಿಯಾದ ವಾದ ಸಿಗುತ್ತದೆ.

ಸಾಕ್ಷಿಗಳ ಮಾತೇಕೆ ಇಷ್ಟು ಮುಖ್ಯವೆಂದು ಕೇಳಿದರೆ ಅಮಿತ್ ಜೇಠ್ವಾ ಪ್ರಕರಣವನ್ನು ನೋಡಿ. ಗಿರ್ ಅರಣ್ಯದ ಸುತ್ತಲಿನ ಅಕ್ರಮ ಗಣಿಗಾರಿಕೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದ ಅವರನ್ನು 2010ರ ಜುಲೈ 20ರಂದು ಅಹಮದಾಬಾದಿನ ಅದೇ ಹೈಕೋರ್ಟಿನ ಎದುರು ಗುಂಡಿಕ್ಕಿ ಕೊಂದರು. ವಿಚಾರಣೆಯಲ್ಲಿ ನೂರಕ್ಕೂ ಹೆಚ್ಚು ಸಾಕ್ಷಿಗಳು ತಿರುಗಿಬಿದ್ದ ಕಾರಣ ಹೈಕೋರ್ಟ್ 2017ರಲ್ಲಿ ಮರುವಿಚಾರಣೆಗೆ ಆದೇಶಿಸಬೇಕಾಯಿತು. 2019ರಲ್ಲಿ ಸಿಬಿಐ ನ್ಯಾಯಾಲಯ ಮಾಜಿ ಸಂಸದರೊಬ್ಬರೂ ಸೇರಿದಂತೆ ಏಳು ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, 2024ರಲ್ಲಿ ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿತು. ಹೊಂಡುರಾಸ್‌ನಲ್ಲಿ ಶಿಕ್ಷೆ ನಿಂತದ್ದು ಬಹುಪಾಲು ಫೋನ್ ದಾಖಲೆಗಳ ಬಲದಿಂದ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನೆರಡು ಕೆಲಸಗಳನ್ನು ಈ ವಾರವೇ ಮಾಡಿ. ಅಹವಾಲು ಸಭೆಯ ಕಲಾಪವನ್ನು ವಿಡಿಯೊ ಮಾಡುವುದು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಡ್ಡಾಯ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಮಾಹಿತಿ ಹಕ್ಕಿನಡಿ ಅದರ ಪ್ರತಿ ಕೇಳಿ. ಯಾರು ಏನು ಮಾತನಾಡಿದರು, ಅವರಲ್ಲಿ ಯಾರಿಗೆ ಮುಂದೆ ಕರೆ ಬಂದಿತು ಎಂಬ ನಂಟು ಅದರಿಂದ ಕಾಣುತ್ತದೆ. ಎರಡನೆಯದಾಗಿ, ಬಂದ ಸಂದೇಶಗಳ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡರೆ ಸಾಲದು. ಇಂಥ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ, ಒಂದಕ್ಕೆ ಫೋನ್ ಇಟ್ಟುಕೊಂಡಿರುವವರು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು, ದಾಖಲೆ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಸಂದೇಶಗಳನ್ನು ಅಳಿಸಬೇಡಿ, ಮತ್ತು ಯಾರಾದರೂ ಹೊಸ ಫೋನ್ ಕೊಳ್ಳುವ ಯೋಚನೆಯಲ್ಲಿದ್ದರೆ ಹಳೆಯದನ್ನು ಮಾರದೆ, ಫಾರ್ಮ್ಯಾಟ್ ಮಾಡದೆ ಹಾಗೆಯೇ ಎತ್ತಿಡಲು ಹೇಳಿ. ಹಿಂಬರಹದ ಪ್ರತಿಯನ್ನು ಹೆಸರುಗಳನ್ನು ಮರೆಮಾಡಿ ಇಲ್ಲಿ ಹಾಕಿದರೆ, ಮ್ಯಾಜಿಸ್ಟ್ರೇಟರಿಗೆ ಕೊಡಬೇಕಾದ ಅರ್ಜಿಯ ಕರಡನ್ನು ಬರೆದುಕೊಡುತ್ತೇನೆ.